ಬಾಲರಾಜನ ಸ್ಪೀಡು

ಕೊಡಿಗೇಹಳ್ಳಿಯ ಬಾಲರಾಜನಿಗೆ ಕೆಲಸವೇ ಇರಲಿಲ್ಲ ಎಂದರೆ ತಪ್ಪಾಗುತ್ತದೆ. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ಬಾಡಿಗೆ ಕಟ್ಟಡವಿತ್ತು. ಬೆಳಿಗ್ಗೆ ನೀರಿನ ಮೋಟರ್ ಹಾಕುವುದು, ಟ್ಯಾಂಕು ತುಂಬಿ ಹರಿದು ಬಾಡಿಗೆಯವರು ಕೂಗಿದ ಮೇಲೆ ಆರಿಸುವುದು, ಇವೆರಡು ಅವನ ಕೆಲಸ. ಉಳಿದ ಹೊತ್ತೆಲ್ಲ ಅವನು ಫೋನಿನಲ್ಲಿ ಇಂಟರ್ನೆಟ್ಟಿನ ಸ್ಪೀಡು ನೋಡುತ್ತಿದ್ದ.

ಎರಡು ಸಾವಿರದ ಹದಿನೇಳು. ಫೋರ್‌ಜಿ ಸಿಮ್ಮು ಬೀದಿಬೀದಿಯಲ್ಲಿ ಕೊಡೆಯ ಕೆಳಗೆ ಮಾರಾಟವಾಗುತ್ತಿದ್ದ ಕಾಲ. ಬಾಲರಾಜನಿಗೂ ಅಂಗೈಯಗಲದ ಫೋನು ಬಂತು, ಅದರೊಳಗೆ ಸ್ಪೀಡು ಅಳೆಯುವ ಆ್ಯಪು. ಬೆರಳಿಟ್ಟರೆ ಮುಳ್ಳು ಏರಿ ಒಂದು ಅಂಕಿಯ ಮೇಲೆ ನಿಲ್ಲುತ್ತಿತ್ತು. ಆ ಅಂಕಿಯನ್ನು ತಾನೇ ಮೈಮುರಿದು ದುಡಿದು ಬೆಳೆದ ಬೆಳೆಯಂತೆ ಊರಿಗೆಲ್ಲ ತೋರಿಸುತ್ತಿದ್ದ. ಅಷ್ಟು ಸ್ಪೀಡು ಇಟ್ಟುಕೊಂಡು ಏನು ಮಾಡುತ್ತಿದ್ದ ಎಂದು ಯಾರೂ ಕೇಳಲಿಲ್ಲ. ಗುಲಾಬಿ ಹೂವಿನ ಚಿತ್ರ ಹಾಕಿ ಶುಭೋದಯ ಕಳಿಸುತ್ತಿದ್ದ, ಅಷ್ಟೇ.

ಮೂರನೇ ಮಹಡಿಯ ಬಾಡಿಗೆದಾರ ಶಿವಶರಣಪ್ಪ ಕಲಬುರಗಿ ಕಡೆಯವರು, ಯಲಹಂಕದ ಕಾಲೇಜಿನ ಆಫೀಸಿನಲ್ಲಿ ಕೆಲಸ. ಅವರನ್ನು ಮೆಟ್ಟಿಲಲ್ಲೇ ಅಡ್ಡಗಟ್ಟಿ ಕೇಳುತ್ತಿದ್ದ:

"ನಿಮ್ದು ಎಷ್ಟ್ ಬರ್ತೈತೆ ಸಾರ್? ನಂದು ನಲ್ವತ್ತು ದಾಟ್ತು."

"ಎಷ್ಟರ ಬರಲಿ ಬಿಡ್ರಿ. ವಿಡಿಯೋದಾಗ ಮಂದಿ ಮಾರಿ ಕಾಣಸ್ತದ, ಸಾಕು."

"ಅದ್ಯಾವ ಕಾಲದ ಫೋನ್ ಸಾರ್ ಅದು, ಎಸೀರಿ ಅತ್ಲಾಗೆ," ಎಂದು ಬಾಲರಾಜ ನಗುತ್ತಿದ್ದ.

ಮಗನ ಈ ಚಾಳಿ ಕಂಡರೆ ತಾಯಿ ಮುನಿಗಂಗಮ್ಮನಿಗೆ ಮೈ ಉರಿಯುತ್ತಿತ್ತು. ಇದೇ ನೆಲವನ್ನು ಗಂಡನ ಜೊತೆ ಅಗೆದು ಕಳೆ ಕಿತ್ತ ಕೈ ಅವಳದು. ಹೆತ್ತ ಮಗ ಒಂದು ಬೆರಳು ಆಡಿಸಿ ಸುಸ್ತಾಯಿತು ಎಂದು ಕಾಫಿ ಕೇಳುವುದನ್ನು ನೋಡಬೇಕಾಗಿ ಬಂದಿತ್ತು. ಕಿವಿ ಮಂದವಾಗಿ ವರ್ಷಗಳಾಗಿದ್ದರಿಂದ ಅವನ ಜಂಬದ ಮಾತು ಅರ್ಧ ತಪ್ಪುತ್ತಿತ್ತು, ಅದೊಂದು ಪುಣ್ಯ. ಎದುರಿಗಿರುವವರ ತುಟಿ ನೋಡಿಯೇ ಅವಳು ಮಾತು ಹಿಡಿಯುತ್ತಿದ್ದಳು. ಮುಖ ಕಾಣದಿದ್ದರೆ ಮಾತೂ ಇಲ್ಲ.

ಮಗಳು ಶಿಲ್ಪ ಗಂಡನ ಕೆಲಸದಿಂದಾಗಿ ಗುಜರಾತಿನ ಜಾಮ್‌ನಗರದಲ್ಲಿದ್ದಳು. ಅವಳ ಹೊಟ್ಟೆಯಲ್ಲಿ ಗೆಡ್ಡೆಯಾಗಿ ಆಪರೇಷನ್ ಗೊತ್ತಾಯಿತು. ಮುನಿಗಂಗಮ್ಮನ ಮಂಡಿ ಅಷ್ಟು ದೂರ ಹೋಗುವ ಮಂಡಿಯಲ್ಲ. ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವ ಮುಂಚೆ ವಿಡಿಯೋ ಕಾಲ್ ಮಾಡುತ್ತೇನೆ, ಅಮ್ಮನಿಗೆ ಮುಖ ತೋರಿಸು ಎಂದು ಶಿಲ್ಪ ಅಣ್ಣನಿಗೆ ಹೇಳಿದ್ದಳು. ಆ ಮುಖವನ್ನು ಮತ್ತೆ ನೋಡುತ್ತೇನೋ ಇಲ್ಲವೋ ಎಂಬ ಭಯ ಮುದುಕಿಗೆ. ಆಪರೇಷನ್ನಿನ ದಿನ ಬೆಳಿಗ್ಗೆ ತಲೆ ಬಾಚಿ, ಶಿಲ್ಪ ಕೊಡಿಸಿದ ಸೀರೆಯುಟ್ಟು ನಡುಮನೆಯಲ್ಲಿ ಕೂತಳು.

ಬಾಲರಾಜನಿಗೆ ಜೀವಮಾನದಲ್ಲಿ ಮೊದಲ ಸಲ ಜವಾಬ್ದಾರಿ ಬಂದಿತ್ತು. ಅದನ್ನು ಅವನು ತನಗೆ ಗೊತ್ತಿದ್ದ ಒಂದೇ ವಿದ್ಯೆಯಿಂದ ನಿಭಾಯಿಸಿದ. ನಡುಮನೆಯಲ್ಲಿ ಸ್ಪೀಡು ನೋಡಿದ. ಅಡುಗೆಮನೆಯಲ್ಲಿ ನೋಡಿದ. ಗೇಟಿನ ಹತ್ತಿರ ನೋಡಿದ, ದಾರಿಯಲ್ಲಿ ಹೋಗುತ್ತಿದ್ದ ಸ್ನೇಹಿತ ಸುಬ್ರಮಣಿಯನ್ನು ಕರೆದು ಅವನ ಮುಂದೆ ಇನ್ನೆರಡು ಸಲ ನೋಡಿದ. ಟೆರೇಸಿನ ಮೇಲೆ ನೀರಿನ ಟ್ಯಾಂಕಿನ ಪಕ್ಕ ನಲವತ್ತೆರಡು ಬಂತು. ಅದು ನಿಜವೋ ಎಂದು ಮತ್ತೆ ಮತ್ತೆ ನೋಡಿದ.

"ಮೇಲ್ಗಡೆ ಸಖತ್ತಾಗ್ ಬರ್ತೈತೆ, ಬಾಮ್ಮ," ಎಂದು ತಾಯಿಯನ್ನು ಎಬ್ಬಿಸಿದ.

"ಇಲ್ಲೇ ತೋರ್ಸೋ. ಮಂಡಿ ಮಡಚಾಕಾಗಲ್ಲ ನಂಗೆ."

"ಇಲ್ಲಿ ಇಪ್ಪತ್ತೇ ಅಮ್ಮ."

ಕೆಳಗಿನ ಅವರ ಮನೆಯಿಂದ ಟೆರೇಸಿಗೆ ಮೂರು ಮಹಡಿ. ಗೋಡೆ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು, ಮಗಳ ಹೆಸರು ಹೇಳಿಕೊಂಡು ಹತ್ತಿದಳು. ಟ್ಯಾಂಕಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದ. ಅಲ್ಲಿ ಶಿವಶರಣಪ್ಪನವರ ಹೆಂಡತಿ ಗಂಗಾದೇವಿ ಬಟ್ಟೆ ಒಣಹಾಕುತ್ತಿದ್ದರು.

ಕಾಲ್ ಬಂತು. ಶಿಲ್ಪಳ ಮುಖ ಕಂಡಿತು. ಆಸ್ಪತ್ರೆಯ ಹಸಿರು ಅಂಗಿ, ಓಲೆಯಿಲ್ಲದ ಕಿವಿ. 'ಅಮ್ಮಾ' ಎಂದಳು. ಅಷ್ಟನ್ನು ಮುನಿಗಂಗಮ್ಮ ತುಟಿಯಲ್ಲಿ ಹಿಡಿದಳು. ಮುಂದಿನ ಮಾತಿಗೆ ಮಗಳು ಬಾಯಿ ತೆರೆದಳು. ತೆರೆದ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತು.

"ಇಂಗ್ಯಾಕೋ ನಿಂತೋದ್ಲು?"

ಸಿಮ್ಮಿನವರು ದಿನಕ್ಕಿಷ್ಟು ಎಂದು ಕೊಡುತ್ತಿದ್ದ ಡೇಟಾ ಮುಗಿದಿತ್ತು. ಮುಳ್ಳು ಏರಿದಾಗಲೆಲ್ಲ ಅದು ಕರಗುತ್ತಿತ್ತು, ಸ್ಪೀಡು ಹೆಚ್ಚಿದಷ್ಟೂ ಬೇಗ ಕರಗುತ್ತಿತ್ತು. ಮುಗಿದ ಮೇಲೆ ಸ್ಪೀಡು ಇರುವೆ ಹರಿದಷ್ಟು. ಊರಿಗೆಲ್ಲ ಸ್ಪೀಡಿನ ಪಾಠ ಹೇಳಿದ ಮಹಾಶಯನಿಗೆ ಇಷ್ಟು ತಿಳಿದಿರಲಿಲ್ಲ. ಡೇಟಾ ಮುಗಿಯಿತೆಂದು ಬಂದ ಮೆಸೇಜನ್ನು ಅವನು ಓದಲೂ ಇಲ್ಲ. ಅವನು ಮಾಡಿದ್ದು ಒಂದೇ ಕೆಲಸ. ತಂಗಿಯ ವಿಡಿಯೋ ಕಾಲ್ ಕಟ್ ಮಾಡಿ, ಸ್ಪೀಡು ಯಾಕೆ ಬಿತ್ತು ಎಂದು ಮತ್ತೆ ಆ್ಯಪು ತೆರೆದ.

"ಮುಖ ಎಲ್ಲೋ? ಅವ್ಳ ಮುಖ ತೋರ್ಸೋ."

"ಒಂದ್ ನಿಮಿಷ ಅಮ್ಮ, ಚೆಕ್ ಮಾಡ್ತಾ ಇದೀನಿ."

ಗಂಗಾದೇವಿ ಕೈಯಲ್ಲಿದ್ದ ಬಟ್ಟೆ ಬಿಟ್ಟು ಬಂದರು. "ನಮ್ಮ ಫೋನ್ ತರ್ತೀನಿ ತಡೀರಿ, ಅದರಾಗ ಹಚ್ಚೂಣು."

"ನಿಮ್ ಡಬ್ಬಾ ಫೋನಲ್ಲಿ ಏನ್ ಬರುತ್ತೆ ಬಿಡಿ ಮೇಡಂ, ನಂದ್ರಲ್ಲೇ ಬರ್ತಿಲ್ಲ," ಎಂದ ಬಾಲರಾಜ, ಮುಳ್ಳಿನಿಂದ ಕಣ್ಣು ತೆಗೆಯದೆ.

ಆಕೆ ಅವನ ಮಾತಿಗೆ ಕಾಯದೆ ಕೆಳಗೆ ಓಡಿ ಫೋನು ತಂದರು, ಅವನಿಂದ ನಂಬರು ಕಿತ್ತುಕೊಂಡಂತೆ ಕೇಳಿ ಒತ್ತಿದರು. ಅಳಿಯ ವಿಜಯಕುಮಾರ ಎತ್ತಿದ. ಅವನ ಮುಖ ಕಣ್ರೆಪ್ಪೆ ಸಮೇತ ಸ್ವಚ್ಛವಾಗಿ ಕಂಡಿತು. ಅವನ ಹಿಂದೆ ಒಂದು ಬಾಗಿಲು, ಮುಚ್ಚಿತ್ತು.

"ಈಗ್ತಾನೆ ಕರ್ಕೊಂಡ್ ಹೋದ್ರು ಅತ್ತೆ."

ಮುನಿಗಂಗಮ್ಮ ಅಳಿಯನ ತುಟಿಯನ್ನು ನೋಡಿದಳು, ಬಾಗಿಲನ್ನು ನೋಡಿದಳು. ಎದ್ದು ಮೆಟ್ಟಿಲಿನ ಕಡೆ ನಡೆದಳು. ಬಾಲರಾಜ ಕೈ ಕೊಡಲು ಬಂದರೆ ಆ ಕೈಯನ್ನು ತಳ್ಳಿ ಗೋಡೆ ಹಿಡಿದಳು. ಇಂಥವನಿಗೆ ಹಾಲೆರೆದೆನಲ್ಲ ಎಂದು ಅವಳಿಗೆ ಅಸಹ್ಯವಾಯಿತು.

ಸಂಜೆ ಗಂಗಾದೇವಿ ಬಂದು ಎದುರು ಕೂತು, ನಿಧಾನವಾಗಿ ತುಟಿಯಾಡಿಸಿ, ಮಗಳು ಆರಾಮಿದ್ದಾಳೆ, ಎಚ್ಚರವಾಗಿದೆ ಎಂದು ಹೇಳಿದರು. ಮುನಿಗಂಗಮ್ಮ ಆಕೆಯ ಗಲ್ಲ ಹಿಡಿದು ಇನ್ನೊಮ್ಮೆ ಹೇಳಿಸಿಕೊಂಡಳು. ಹಿಂದೆಯೇ ಬಾಲರಾಜ ಬಂದು, ನಾಳೆ ಹೊಸ ಡೇಟಾ ಬರುತ್ತದೆ, ಆಗ ತೋರಿಸುತ್ತೇನೆ ಎಂದು ಶುರುಮಾಡಿದ. ಅವಳು ಗೋಡೆಯ ಕಡೆ ತಿರುಗಿದಳು.

ಆಮೇಲೆ ಮಗಳ ಕಾಲ್ ಬಂದಿದ್ದೆಲ್ಲ ಗಂಗಾದೇವಿಯ ಫೋನಿಗೆ. ಮಗ ಏನು ಹೇಳಲು ಬಂದರೂ ಮುನಿಗಂಗಮ್ಮ ಸೊಪ್ಪು ಬಿಡಿಸುತ್ತಲೋ ಬೀದಿ ನೋಡುತ್ತಲೋ ಇರುತ್ತಿದ್ದಳು. ಅವನ ಮುಖದ ಕಡೆ ಕಣ್ಣು ಎತ್ತುತ್ತಿರಲಿಲ್ಲ.

"ನಮ್ಮಮ್ಮಂಗೆ ಕಿವಿ ಪೂರ್ತಿ ಹೋಗ್ಬಿಡ್ತು ಕಣೋ," ಎಂದು ಬಾಲರಾಜ ಗೇಟಿನ ಹತ್ತಿರ ಸುಬ್ರಮಣಿಗೆ ಹೇಳಿದ. "ಏನ್ ಹೇಳಿದ್ರೂ ಕೇಳ್ಸಲ್ಲ."