ದೇವರು ಲಾಡ್ಜಿನಲ್ಲಿ ಇಳಿದದ್ದು

ಅಗಸೂರಿನ ದೇವರು ಭಟ್ಟರು ತಮ್ಮ ಅರವತ್ತೆರಡು ವರ್ಷದ ಆಯುಷ್ಯದಲ್ಲಿ ಒಂದು ಸಲವೂ ಒಬ್ಬರೇ ಮಲಗಿದವರಲ್ಲ. ಇವರು ಹುಟ್ಟುವಾಗಲೇ ಮನೆಯಲ್ಲಿ ಹತ್ತು ಮಕ್ಕಳಿದ್ದರು. ಹನ್ನೊಂದನೆಯವರಾಗಿ ಇವರು ಬಂದಾಗ ಚಾಪೆಯ ಮೇಲೆ ಜಾಗವಿಲ್ಲದೆ ಮೊದಲ ಆರು ತಿಂಗಳು ನಿಂತೇ ನಿದ್ದೆ ಮಾಡಿದರೆಂದು ಹೇಳುವವರಿದ್ದಾರೆ. ಮುಂದೆ ಪುರೋಹಿತಿಕೆ ಹಿಡಿದ ಮೇಲೆ ರಾತ್ರಿಗಳೆಲ್ಲ ಮದುವೆಮನೆಗಳ ಜಮಖಾನದ ಮೇಲೆ ಕಳೆದವು. ಎಡಗಡೆಯವನ ಗೊರಕೆಗೆ ಬಲಗಡೆಯವನ ಹೊದಿಕೆ ಹಾರಿಹೋಗುವಂಥ ಸಾಲು ಅದು. ಹಾಗಾಗಿ ಭಟ್ಟರಿಗೆ ಉಳಿದಿದ್ದ ಆಸೆ ಒಂದೇ. ಒಂದು ಬಾಗಿಲು, ಅದಕ್ಕೆ ಒಳಗಿನಿಂದ ಒಂದು ಚಿಲಕ, ಆ ಚಿಲಕ ಹಾಕಿಕೊಂಡು ಒಂದು ರಾತ್ರಿ. ಮೋಕ್ಷ ಆಮೇಲೆ ಯಾವಾಗ ಸಿಕ್ಕರೂ ನಡೆಯುತ್ತಿತ್ತು.

ಆ ಯೋಗ ಒದಗಿದ್ದು ಹಲ್ಲಿನಿಂದ. ಒಂದು ಉಪನಯನದ ಮನೆಯ ಕೋಡುಬಳೆ ಕಡಿಯಲು ಹೋಗಿ ಭಟ್ಟರ ಹಲ್ಲಿನ ಸೆಟ್ಟು ಬಿರುಕುಬಿಟ್ಟಿತು. ಕೋಡುಬಳೆಗೆ ಏನೂ ಆಗಲಿಲ್ಲ. ಮೂರನೆಯ ದಿನ ಶೆಟಗೇರಿಯಲ್ಲಿ ಮದುವೆ. ಹಲ್ಲಿಲ್ಲದೆ ಮಂತ್ರ ಹೇಳಿದರೆ ಗಾಳಿ ಎಲ್ಲೆಲ್ಲೋ ಹೋಗಿ, ಕುಳಿತ ವಧುವನ್ನು ಬಿಟ್ಟು ಸಭೆಯಲ್ಲಿದ್ದ ಇನ್ನಾರಿಗೋ ಮದುವೆಯಾಗಿಬಿಡುವ ಭಯ. ಕಾರವಾರದ ದಂತವೈದ್ಯರು ಸೆಟ್ಟನ್ನು ತೆಗೆದಿಟ್ಟುಕೊಂಡು "ನಾಳೆ ಬೆಳಿಗ್ಗೆ ಬನ್ನಿ" ಅಂದರು. ಭಟ್ಟರಿಗೆ ಕೇಳಿಸಿದ್ದು ಒಂದೇ. ಒಂದು ರಾತ್ರಿ!

ತೊಡಕು ಒಂದೇ. ಭಟ್ಟರ ಅಕ್ಕ ದೇವಕಿಯ ಮನೆ ಅಲ್ಲೇ ಕಾಜುಬಾಗದಲ್ಲಿ. ಊರಲ್ಲಿ ಅಕ್ಕನ ಮನೆ ಇಟ್ಟುಕೊಂಡು ಲಾಡ್ಜಿನಲ್ಲಿ ಇಳಿಯುವುದೆಂದರೆ ಅಕ್ಕನ ಅಡುಗೆ ತಿನ್ನಲು ಬರುವಂತಿಲ್ಲ ಎಂದು ಪೇಪರಿನಲ್ಲಿ ಹಾಕಿಸಿದಂತೆ. ಹಿಂದೆ ಹಾಗೆ ಮಾಡಿದ ಸೋದರಳಿಯನೊಬ್ಬನ ಹೆಸರನ್ನು ದೇವಕಿ ಅಂದಿನಿಂದ ಎತ್ತಿಲ್ಲ. ಈಗ ಅವನಿಗೇ ತನ್ನ ಹೆಸರು ಸರಿಯಾಗಿ ನೆನಪಿಲ್ಲವಂತೆ.

ಆದರೆ ಅಕ್ಕನ ಮನೆಯಲ್ಲಿ ಭಾವ ಇದ್ದರು. ಶಂಭು ಭಾವ ನಿವೃತ್ತ ಮಾಸ್ತರು. ಹನ್ನೆರಡು ವರ್ಷದ ಹಿಂದೆ ಅವರ ಮೂತ್ರಪಿಂಡದಿಂದ ಒಂದು ಕಲ್ಲು ತೆಗೆದಿದ್ದರು. ಅದನ್ನು ಹತ್ತಿಯಲ್ಲಿ ಸುತ್ತಿ ಕುಂಕುಮದ ಭರಣಿಯಲ್ಲಿ ಇಟ್ಟಿದ್ದಾರೆ. ಮನೆಗೆ ಬಂದವರಿಗೆ ಮೊದಲು ಕುಡಿಯಲು ಆಸರಿಗೆ, ಆಮೇಲೆ ಕಲ್ಲು. ಮೊದಮೊದಲು ಸಾಸಿವೆಯಷ್ಟಿದ್ದ ಕಲ್ಲು ಕತೆ ಹೇಳಿಸಿಕೊಂಡು ಹೇಳಿಸಿಕೊಂಡು ಕಾಳುಮೆಣಸಾಯಿತು, ಗೋಡಂಬಿಯಾಯಿತು. ಕಳೆದ ಸಲ ಭಾವನ ಕೈ ತೋರಿಸಿದ ಅಳತೆಯನ್ನು ನಂಬುವುದಾದರೆ ಸದಾಶಿವಗಡದ ಗುಡ್ಡವನ್ನೇ ಆಸ್ಪತ್ರೆಯವರು ಅಲ್ಲಿಂದ ತೆಗೆದದ್ದು. ರಾತ್ರಿ ಉಳಿದವರಿಗೆ ಮಗ್ಗುಲ ಹಾಸಿಗೆಯಿಂದ ಇಡೀ ಪುರಾಣ.

ಭಟ್ಟರು ಹೂವಿನ ಚೌಕಕ್ಕೆ ಬಂದು 'ಸಾಗರನೋಟ' ಲಾಡ್ಜಿನ ಮೆಟ್ಟಿಲು ಹತ್ತಿದರು. ಅಲ್ಲಿಂದ ಸಾಗರ ಕಾಣುವುದಿಲ್ಲ. ಬಚ್ಚಲಿನ ಬಕೆಟ್ ಬೋರಲು ಹಾಕಿ ಹತ್ತಿದರೆ ಒಂದು ಹಪ್ಪಳದಷ್ಟು ಕಂಡೀತು. ಎದುರಿಗೆ ಇಂಗ್ಲಿಷರ ಕಾಲದ ಹಂಚಿನ ಅಂಗಡಿಸಾಲು, ಕೆಳಗೆ ಹೂವು, ಹಿಂದೆ ಮೀನು ಪೇಟೆ. ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ಜಾಗ. ಲಿಫ್ಟ್ ಇತ್ತು, ಅದಕ್ಕೆ ಮನಸ್ಸು ಬಂದಾಗ ಮೇಲೆ ಹೋಗುತ್ತಿತ್ತು.

ಕೌಂಟರಿನಲ್ಲಿ ಶಿರವಾಡದ ಮಾನಸಾ ಕೂತಿದ್ದಳು.

"ಹೆಸರು ಹೇಳಿ ಸರ್."

"ದೇವರು."

"ದೇವರ ಹೆಸರಲ್ಲ ಸರ್, ನಿಮ್ದು."

"ನಂದೇ ಹೇಳಿದ್ದು ತಂಗಿ."

ಬೊಚ್ಚುಬಾಯಿಯ ತಪ್ಪೋ ತನ್ನ ಕಿವಿಯ ತಪ್ಪೋ ತಿಳಿಯದೆ ಅವಳು ಆಧಾರ್ ಕಾರ್ಡು ಕೇಳಿದಳು. ಕಾರ್ಡಿನಲ್ಲೂ ಸರಕಾರ ಅದನ್ನೇ ಒಪ್ಪಿಕೊಂಡಿತ್ತು.

"ಅಯ್ಯೋ, ಖರೇನೇ ಅದೆ! ಎಷ್ಟ್ ಜನ ಸರ್?"

"ದೇವರು ಒಬ್ಬನೇ," ಅಂದರು ಭಟ್ಟರು.

ಎರಡನೆಯ ಮಾಳಿಗೆಯ ರೂಮು. ಭಟ್ಟರು ಒಳಗೆ ಹೋಗಿ ಚಿಲಕ ಹಾಕಿದರು. ಅದರ 'ಟಕ್' ಕೇಳಿ ಖುಷಿಯಾಗಿ ತೆಗೆದು ಮತ್ತೆ ಹಾಕಿದರು. ಹೀಗೆ ಎಷ್ಟು ಸಲ ಹಾಕಿದರೆಂದರೆ ಮಗ್ಗುಲ ರೂಮಿನವನು ಬಡಗಿ ಕೆಲಸ ನಡೆದಿದೆ ಎಂದು ಕೆಳಗೆ ದೂರು ಕೊಟ್ಟನಂತೆ. ಆಮೇಲೆ ಭಟ್ಟರು ಮಂಚದ ನಡುವೆ, ಎಡಕ್ಕೂ ಬಲಕ್ಕೂ ಯಾರಿಗೂ ಜಾಗ ಬಿಡದೆ, ಕೈಕಾಲು ಚಾಚಿ ಮಲಗಿ ನೋಡಿದರು. ಯಾರೂ 'ಭಟ್ರೇ ಮುಹೂರ್ತ' ಅನ್ನಲಿಲ್ಲ. ಇನ್ನು ಊಟಕ್ಕೂ ಕೆಳಗಿಳಿಯಬಾರದು, ಮೊಸರನ್ನ ತರಿಸಿ ಉಂಡು ಬೆಳಗಿನ ತನಕ ಹೀಗೇ ಬಿದ್ದಿರಬೇಕು ಎಂದು ನಿಶ್ಚಯಿಸಿದರು.

ಆದರೆ ಬಾಗಿಲಿನ ಆಚೆ ಹೆಸರು ತನ್ನ ಕೆಲಸ ಶುರುಮಾಡಿತ್ತು. ರೂಮುಗಳ ನಡುವಿನ ಓಣಿಯಲ್ಲಿ ನೆಲ ಒರೆಸುವ ಹುಲಿಯಾ ಕೂಗಿದ: "ಮಾನಸಕ್ಕಾ, ದೇವರಿಗೆ ಬಿಸಿನೀರು ಬರ್ತಿಲ್ವಂತೆ!" ಕೆಳಗಿನಿಂದ ಉತ್ತರ: "ದೇವರಿಗೆ ಒಂದು ಗಳಿಗೆ ತಡೀಲಿಕ್ಕೆ ಹೇಳು!" ಇನ್ನೊಂದು ದನಿ: "ದೇವರು ಈರುಳ್ಳಿ ತಿನ್ನೂದಿಲ್ಲಂತೆ ಮಾರಾಯ್ತಿ, ಮೊಸರನ್ನ ಅಂತೆ!" ಅಷ್ಟರಲ್ಲಿ ಗೋವೆಯ ಕಡೆಯ ಪ್ರವಾಸಿ ಕುಟುಂಬವೊಂದು ಬಾಗಿಲಿನ ಎದುರು ಚಪ್ಪಲಿ ಬಿಟ್ಟು ಕೈಮುಗಿದು ಹೋಯಿತು.

ಸಂಜೆ ಭಟ್ಟರು ಕಿಟಕಿಯ ಪರದೆ ಒಂದು ಬೆರಳು ಸರಿಸಿ ಚೌಕ ನೋಡಿದರು. ನೋಡಿದವರು ಹಾಗೇ ಕಲ್ಲಾದರು. ಕೆಳಗೆ ದೇವಕಿ ಅಬ್ಬಲಿ ಮಾಲೆ ಆರಿಸುತ್ತಿದ್ದಳು. ಹೂವು ಮಾರುವ ಸುಗಂಧಾ ಪಿಸುಗುಟ್ಟಿದರೂ ನದಿಯಾಚೆಯ ಮಾಜಾಳಿಯಲ್ಲಿ ಜನ ತಿರುಗಿ ನೋಡುತ್ತಾರೆ. ಇಂದು ಪಿಸುಗುಟ್ಟುವ ಮನಸ್ಸೂ ಅವಳಿಗಿರಲಿಲ್ಲ.

"ಅಮ್ಮಾ, ಈ ಮಾಲೆ ಬೇಡ, ಇದು ದೇವರಿಗೆ ಅಂತ ತೆಗ್ದಿಟ್ಟದ್ದು."

"ನಾನೂ ದೇವರಿಗೇ ತಗಳ್ಳೂದೇ."

"ನಿಮ್ ಗೋಡೆ ಮೇಲಿನ ದೇವರಲ್ಲ. ಲಾಡ್ಜಿನಾಗೆ ಇಳಿದಿದ್ದ ದೇವರು. ಅಗಸೂರಿಂದ ಬಂದದೆ. ಹೊಟ್ಟೆ ಇಷ್ಟು, ಹಲ್ಲಿಲ್ಲ."

ದೇವಕಿಯ ಕೈಯಲ್ಲಿ ಮಾಲೆ ನಿಂತಿತು. ಸುಗಂಧಾಳ ಬೆರಳು ನೆಟ್ಟಗೆ ಕಿಟಕಿ ತೋರಿಸಿತು. ಭಟ್ಟರು ಮಂಚದ ಕೆಳಗೆ ನುಗ್ಗಲು ನೋಡಿದರು, ಹೊಟ್ಟೆ ಒಪ್ಪಲಿಲ್ಲ.

ಆ ಸಂಜೆ ಲಿಫ್ಟಿಗೂ ಮನಸ್ಸು ಬಂದಿತ್ತು. ಬಾಗಿಲು ಸದ್ದಾಯಿತು.

"ದೇವರೂ, ಬಾಗಿಲು ತೆಗಿ."

ಭಟ್ಟರು ಉಸಿರು ಬಿಗಿಹಿಡಿದರು.

"ನೀ ಒಳಗೆ ಇದ್ದೆ ಹೇಳಿ ಗೊತ್ತಿದ್ದು. ನಿನ್ನ ಉಸಿರು ಇಲ್ಲೀವರೆಗೆ ಕೇಳ್ತು."

ಚಿಲಕ ಈಚೆ ಬಂತು. ಅಕ್ಕ ಒಳಗೆ ಬಂದಳು.

"ನಮ್ಮನೆ ಬಿದ್ದು ಹೋಜಾ? ಅಲ್ದಾ ಆನು ಸತ್ತೋಜ್ನಾ?"

"ಅಕ್ಕಯ್ಯಾ, ಸಿಟ್ಟು ಮಾಡಡ. ಹಲ್ಲಿಲ್ಲೆ, ನಿಂಗೆ ತ್ರಾಸು ಹೇಳಿ..."

"ಹಲ್ಲಿಲ್ಲದ್ದವ್ಕೆ ಗಂಜಿ ಮಾಡ್ಲೆ ನಂಗೆ ಬತ್ತಿಲ್ಯಾ? ಖರೆ ಹೇಳು. ಎಂತಕ್ಕೆ ಇಲ್ಲಿ ಬಂದೆ?"

ಭಟ್ಟರು ಬೇಕಾದಷ್ಟು ಸುಳ್ಳುಗಳನ್ನು ನೆನೆಸಿಕೊಂಡರು. ಒಂದೂ ಹಲ್ಲಿಲ್ಲದ ಬಾಯಿಯಲ್ಲಿ ನಿಲ್ಲುವಂತಿರಲಿಲ್ಲ.

"ಭಾವನ ಕಲ್ಲು," ಅಂದರು.

ಸೋದರಳಿಯನಿಗೆ ಆದದ್ದು ತನಗೂ ಆಯಿತೆಂದು ಭಟ್ಟರು ತಮ್ಮ ಹೆಸರನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡರು. ಅಕ್ಕ ಮಂಚದ ಅಂಚಿಗೆ ಕೂತಳು. ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿದಳು. ತಂಪು ಗಾಳಿ ಬರುವ ಯಂತ್ರದ ಕಡೆ ಮುಖ ಎತ್ತಿ ಕಣ್ಣು ಮುಚ್ಚಿದಳು. ಆಮೇಲೆ ಎದ್ದುಹೋಗಿ ಬಾಗಿಲಿನ ಚಿಲಕ ಹಾಕಿದಳು. ಟಕ್. ತೆಗೆದು ಮತ್ತೆ ಹಾಕಿದಳು.

"ನೀನು ಆ ಕತೆ ವರ್ಷಕ್ಕೆ ಎರಡು ಸಲ ಕೇಳ್ತೆ," ಅಂದಳು. "ಆನು ಹನ್ನೆರಡು ವರ್ಷಾತು, ಆ ಕಲ್ಲಿನ ಸಂತಿಗೇ ಸಂಸಾರ ಮಾಡ್ತಾ ಇದ್ದಿ."

"ಹೌದು ಅಕ್ಕಯ್ಯಾ."

"ನೀ ಇಲ್ಲಿ ಬಂದಿದ್ದು ಆನು ಯಾರಿಗೂ ಹೇಳ್ತಿಲ್ಲೆ."

"ಪುಣ್ಯ ಬಂತು ನಿಂಗೆ."

"ಕೀಲಿಕೈ ಇಲ್ಲಿಟ್ಟು ಹೋಗು."

"ಎಲ್ಲಿಗೆ?"

"ನಮ್ಮನಿಗೆ. ಒಲೆ ಮೇಲೆ ಗಂಜಿ ಇದ್ದು. ಅಕ್ಕ ಭಜನೆಗೆ ಹೋಜು, ಬೆಳಿಗ್ಗೆ ಬತ್ತು ಹೇಳಿ ನಿನ್ನ ಭಾವಂಗೆ ಹೇಳು. ಪಾಪ, ಕೇಳೂಲೆ ಯಾರೂ ಸಿಕ್ಕದ್ದೆ ನಾಕು ದಿನಾತು."

ಭಟ್ಟರು ಚೀಲ ಹೆಗಲಿಗೆ ಹಾಕಿಕೊಂಡು ಓಣಿಗೆ ಬಂದರು. ಹಿಂದಿನಿಂದ 'ಟಕ್' ಅಂತು.

ಕಾಜುಬಾಗದಲ್ಲಿ ಶಂಭು ಭಾವ ಭಾವಮೈದುನನನ್ನು ಕಂಡು ಹತ್ತು ವರ್ಷ ಚಿಕ್ಕವರಾದರು. ಭರಣಿ ಬಂತು. ಹಿಂದೆಲ್ಲ ಭಟ್ಟರು ನಡುನಡುವೆ 'ಆಮೇಲೆ ಔಷಧ ಕೊಟ್ಟರಲ್ಲ' ಎಂದು ಬಾಯಿಹಾಕಿ ಕತೆಯನ್ನು ದಡ ಮುಟ್ಟಿಸುತ್ತಿದ್ದರು. ಇಂದು ಬಾಯಿ ಹಾಕಲು ಬಾಯಲ್ಲಿ ಏನೂ ಇರಲಿಲ್ಲ. ಕಲ್ಲು ಗುಡ್ಡವಾಗಿ, ಗುಡ್ಡ ಘಟ್ಟವಾಗಿ, ಘಟ್ಟ ಏರಿ ಯಲ್ಲಾಪುರದ ತನಕ ಹೋಯಿತು.

ಬೆಳಿಗ್ಗೆ ಭಟ್ಟರು ಹಲ್ಲು ಹಾಕಿಸಿಕೊಂಡು ಲಾಡ್ಜಿಗೆ ಬಂದರು. ಮಾನಸಾ ಎದ್ದು ನಿಂತಳು.

"ಸರ್, ಮೇಲಿಂದ ಫೋನ್ ಬಂದಿತ್ತು. ದೇವರು ಇನ್ನೊಂದು ದಿವಸ ಇರ್ತಾರಂತೆ. ನಿಮ್ ಹೆಸರಲ್ಲೇ."

ಭಟ್ಟರು ಮೇಲೆ ಹೋಗಲಿಲ್ಲ. ಹೊರಗೆ ಬಂದರೆ ಸುಗಂಧಾ ಮಾಲೆ ಹಿಡಿದು ಕಾಯುತ್ತಿದ್ದಳು.

"ಏ ಭಟ್ರೇ, ನೀವ್ ಇಲ್ಲೀ? ಹಾಗಾದ್ರೆ ಮೇಲೆ ಯಾರು? ಮಾಲೆ ಕೊಡೂದಿತ್ತು."

ಭಟ್ಟರು ಎರಡನೆಯ ಮಾಳಿಗೆಯ ಕಿಟಕಿ ನೋಡಿದರು. ಪರದೆ ಎಳೆದಿತ್ತು.

"ಬಾಗಿಲು ಹಾಕಿದೆ," ಅಂದರು ಹೊಸ ಹಲ್ಲಿನಲ್ಲಿ, ಒಂದಕ್ಷರವೂ ಜಾರದಂತೆ. "ಇವತ್ತು ದರ್ಶನ ಇಲ್ಲ."