ನೀಲಾಬಾಯಿಯ ದಮ್ಮು

ಶಹಾಬಾದಿನ ನೀಲಾಬಾಯಿ ಮದುವೆಯಾಗಿ ಬಂದಾಗಿನಿಂದ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕುವವಳು. ಕಲ್ಲಿನ ಧೂಳು ಎದೆಯಲ್ಲಿ ಕೂತು ಈಗ ಉಸಿರು ಎಳೆಯುವುದೇ ಕಷ್ಟ. ಹೋದ ವರ್ಷ ಸಂಶೋಧನಾ ಸಂಸ್ಥೆಯವರು ಬಂದು ಉಸಿರಿನ ಪರೀಕ್ಷೆಗೆಂದು ಕೊಳವೆ ಊದಿಸಿಕೊಂಡು ಹೋದರು. ಎದೆಗೆ ಏನಾಗಿದೆಯೆಂದು ಹೇಳಲೇ ಇಲ್ಲ. ಈ ವರ್ಷ ಮತ್ತೆ ಬಂದರು.

"ಅಮ್ಮಾ, ನಿಮಗ ದಮ್ಮು ಅದೇನ್ರಿ?" ಸಂಸ್ಥೆಯ ಡಾಕ್ಟರು ಉಬ್ಬಸದ ಬಗ್ಗೆ ಕೇಳಿದರು.

"ಎದಿಯಾಗೂ ಅದ, ಮಾತಿನಾಗೂ ಅದ. ಹೋದ ವರ್ಷ ಊದಿದ್ದು ಏನಾಯ್ತು, ಮೊದಲ ಹೇಳ್ರಿ."

"ಅದರ ರಿಪೋರ್ಟು ದಿಲ್ಲಿ ಆಫೀಸಿಗಿ ಹೋಗ್ಯಾದ, ಅಮ್ಮಾ."

"ನನ್ನ ಉಸುರು ದಿಲ್ಲಿ ತನಕ ಹೋಯ್ತು, ನನ್ನ ಮನಿಗಿ ಬರ್ಲಿಕ್ಕಿ ದಾರಿ ಸಿಗಲಿಲ್ಲೇನ್ರಿ? ಅದು ಬರೋತನಕ ಊದಂಗಿಲ್ಲ."

ನೀಲಾಬಾಯಿ ಕಲ್ಲಿನ ಮೇಲೆ ಕೂತಳು. ಊದಲು ಸಾಲಿನಲ್ಲಿ ನಿಂತಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತರು. ಡಾಕ್ಟರು ಕೊಳವೆ ಕೆಳಗಿಟ್ಟು ದಿಲ್ಲಿಗೆ ಫೋನು ಹಚ್ಚಿದರು.