ಸುಮ್ಮನೆ ನೋಡ್ಕೊಂಡು ಹೋಗೋಣ ಅಂತ

ನೀರಜಾಳಿಗೆ ಸಂಭ್ರಮವಾದರೆ ಮುಚ್ಚಿಡಲು ಬರುವುದಿಲ್ಲ. ಲಾಸ್ ಏಂಜಲೀಸಿನ ಸಮ್ಮೇಳನಕ್ಕೆ ಕಾಲೇಜು ತನ್ನನ್ನು ಕಳಿಸುತ್ತದೆ ಎಂದು ಗೊತ್ತಾದ ದಿನವೇ ತಾವಿದ್ದ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯ ಅರ್ಧ ಕನ್ನಡಿಗರಿಗೆ ಫೋನು ಹೋಯಿತು. ಸ್ಯಾನ್ ಡಿಯಾಗೋದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳಿಗೆ ಅನುದಾನ, ಸಾಲ ಕೊಡಿಸುವ ಕಚೇರಿಯಲ್ಲಿ ಅವಳ ಕೆಲಸ. ಕೌಂಟರಿನ ಹಿಂದೆ ಕೂತು "ನಿಯಮ ಹೀಗಿದೆ, ನಾನೇನೂ ಮಾಡೋ ಹಾಗಿಲ್ಲ" ಎಂದು ಹೇಳಿ ಹೇಳಿ ಬಾಯಿ ಸೋತವಳು. ಈಗ ಆ ಸಮ್ಮೇಳನದ ನೆಪದಲ್ಲಿ ನಿಯಮ ಮಾಡುವ ಶಾಸಕರ ಎದುರಿಗೇ ಕೂತು ಮಾತಾಡಬಹುದಂತೆ! ಕಾಲು ನೆಲದ ಮೇಲೆ ನಿಲ್ಲುವುದಾದರೂ ಹೇಗೆ?

"ಒಳ್ಳೇ ಮದುವೆಗೆ ಹೊರಟ ಹಾಗಿದೆಯಲ್ಲೇ," ಎಂದು ಗಂಡ ಸೋಮನಾಥ ರೈಲ್ವೆ ಸ್ಟೇಷನ್ನಿಗೆ ಡ್ರೈವ್ ಮಾಡುತ್ತಾ ರೇಗಿಸಿದ.

"ನೀವು ರಸ್ತೆ ನೋಡ್ಕೊಂಡು ಓಡಿಸ್ರೀ. ನಾನೇನು ತಮಾಷೆಗೆ ಹೋಗ್ತಿಲ್ಲ."

ತಮಾಷೆಯಂತೂ ಅಲ್ಲ. ಮರಿಸೋಲ್ ಎಂಬ ಹುಡುಗಿಯ ಮುಖ ಅವಳ ಕಣ್ಣಿಗೆ ಕಟ್ಟಿತ್ತು. ತಾಯಿಗೆ ಆಪರೇಷನ್ ಆಯಿತೆಂದು ಸೆಮಿಸ್ಟರಿನ ನಡುವೆ ಕಾಲೇಜು ಬಿಟ್ಟು ಆರೈಕೆಗೆ ನಿಂತ ಹುಡುಗಿ. ಹಾಗೆ ನಡುವೆ ಬಿಟ್ಟರೆ ಅನುದಾನ ರದ್ದು. ತಾಯಿ ಎದ್ದು ಓಡಾಡುವಂತಾದರೂ ಮಗಳಿಗೆ ಕಾಲೇಜಿಗೆ ಮರಳಲಾಗಲಿಲ್ಲ, ದಿನಸಿ ಅಂಗಡಿಯ ಕೆಲಸಕ್ಕೆ ಸೇರಿಕೊಂಡಳು. ಇಂಥವರಿಗೆ ಮತ್ತೊಂದು ಅವಕಾಶ ಕೊಡುವ ಮಸೂದೆ ಈಗ ರಾಜ್ಯ ಶಾಸನಸಭೆಯ ಶಿಕ್ಷಣ ಸಮಿತಿಯ ಮುಂದಿತ್ತು. ಅಲ್ಲಿ ಬಿದ್ದರೆ ಮುಗಿಯಿತು.

ಸಮ್ಮೇಳನದ ಹೋಟೆಲಿನಲ್ಲಿ ಕೊರಳಿಗೆ ಹೆಸರಿನ ಪಟ್ಟಿ ಬಿದ್ದದ್ದೇ ತಡ, ನೀರಜಾಳಿಗೆ ಇನ್ನಷ್ಟು ಉಮೇದು ಬಂತು. ನಾಯಕತ್ವದ ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂತಳು. "ಶಾಸಕರ ಮುಂದೆ ಸುತ್ತಿ ಬಳಸಬೇಡಿ, ಕೂತ ಕೂಡಲೇ ಬೇಕಾದ್ದನ್ನು ಕೇಳಿ," ಎಂದರು ತರಬೇತಿ ಕೊಡುವವರು. ಅಭ್ಯಾಸಕ್ಕೆಂದು ಎದ್ದು ನಿಂತು ಅವಳು ತನ್ನ ಬೇಡಿಕೆಯನ್ನು ಪಟಪಟನೆ ಒಪ್ಪಿಸಿದಾಗ ಇಡೀ ಸಭೆ ಚಪ್ಪಾಳೆ ತಟ್ಟಿತು. ಅದರ ಮೇಲೆ ಇನ್ನೊಂದು ಖುಷಿ: ಅವಳ ಜೋಡಿಗೆ ಸಿಕ್ಕವರು ತುಳಸಿ. ಪೊಮೊನಾದ ವಿಶ್ವವಿದ್ಯಾಲಯದಲ್ಲಿ ಇದೇ ಕೆಲಸ ಮಾಡುವ ಧಾರವಾಡದ ಹಿರಿಯ ಹೆಂಗಸು.

"ನಾಳೆ ನೀನ ಮಾತಾಡು ನೀರಜಾ, ನಾ ಬಾಜೂಕ ಕೂಡತೀನಿ," ಎಂದರು ತುಳಸಿ.

ಮರುದಿನ ಇಬ್ಬರನ್ನೂ ಕಳಿಸಿದ್ದು ಆ ಸಮಿತಿಯಲ್ಲಿದ್ದ ಒಬ್ಬ ಶಾಸಕಿಯ ಕಚೇರಿಗೆ. ಆಕೆ ಮಸೂದೆಯ ಪರವೋ ವಿರೋಧವೋ ಯಾರಿಗೂ ತಿಳಿದಿರಲಿಲ್ಲ. ಆಕೆ ನಗುನಗುತ್ತಾ ಕೂರಿಸಿ, ಕಾಫಿ ಬೇಕೇ ಎಂದು ಕೇಳಿ, "ಹೇಳಿ, ನನ್ನಿಂದ ಏನಾಗಬೇಕು?" ಎಂದರು.

ನೀರಜಾಳ ಬಾಯಿಂದ ಇಂಗ್ಲಿಷಿನಲ್ಲಿ ಬಂದದ್ದು ಇದು: "ಏನಿಲ್ಲ, ಸುಮ್ಮನೆ ನಿಮ್ಮನ್ನು ನೋಡಿಕೊಂಡು ಹೋಗೋಣ ಅಂತ ಬಂದೆವು."

ಅಲ್ಲಾ, ತರಬೇತಿಯೆಲ್ಲ ಎಲ್ಲಿಗೆ ಹೋಯಿತು? ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಬೆಳೆದವಳು ಪಾಪ. ಯಾರ ಮನೆಗಾದರೂ ಹೋಗಿ ಕೂತ ಕೂಡಲೇ ಕೆಲಸದ ಮಾತೆತ್ತಿದರೆ ಅವಳ ಅಮ್ಮ ತೊಡೆ ಚಿವುಟುತ್ತಿದ್ದರು. ಮೊದಲು ಆರೋಗ್ಯ, ಮಕ್ಕಳು, ಬಿಸಿಲು, ಕಾಫಿ. ತುಳಸಿಯಾದರೂ ಕೈ ಹಿಡಿಯಬೇಕಿತ್ತಲ್ಲ? ಅವರೂ ಅದೇ ಪೈಕಿ. ಕಿಟಕಿಯ ಗಿಡ ಹೊಗಳಿ, ಮಕ್ಕಳೆಷ್ಟು ಎಂದು ಕೇಳಿದರು. ಶಾಸಕಿ ಖುಷಿಯಾಗಿ ಮಗಳ ಫುಟ್‌ಬಾಲ್ ಕಥೆ ಶುರು ಮಾಡಿದರು. ಅದು ಮುಗಿಯುವಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಆಕೆಯ ಸಹಾಯಕ ಗಡಿಯಾರ ನೋಡಿ ಎದ್ದು ನಿಂತ.

"ಎಷ್ಟು ಚೆನ್ನಾಗಿತ್ತು! ಬಂದವರೆಲ್ಲ ಏನಾದರೂ ಕೇಳುತ್ತಲೇ ಇರುತ್ತಾರೆ. ನೀವು ಏನೂ ಕೇಳಲಿಲ್ಲ," ಎಂದು ಶಾಸಕಿ ಕೈ ಕುಲುಕಿದರು.

ನೀರಜಾಳಿಗೆ ಹರಳೆಣ್ಣೆ ಕುಡಿದ ಹಾಗಾಯಿತು.

"ಏಯ್, ಏನ್ ಹೇಳಿಬಿಟ್ಟಿ!" ತುಳಸಿ ಬಾಗಿಲ ಕಡೆ ನಡೆಯುತ್ತಾ ಪಿಸುಗುಟ್ಟಿದರು. "ಇದೇನು ಬೀಗರ ಮನೀ ಏನ?"

"ನೀವೇನ್ ಕಮ್ಮಿನಾ ಅಕ್ಕಾ? ಮಕ್ಕಳೆಷ್ಟು ಅಂತ ಕೇಳ್ತಾ ಕೂತ್ರಲ್ಲ!"

ಅಷ್ಟು ಹೇಳುವಾಗ ಬಾಗಿಲ ಹಿಡಿ ನೀರಜಾಳ ಕೈಗೆ ಸಿಕ್ಕಿತ್ತು. ಅವಳ ಕಡೆಯವರಿಗೆ ಅಸಲು ಮಾತು ಬರುವುದೇ ಅಲ್ಲಿ, ಹೊರಟು ನಿಂತಾಗ. ಅವಳು ಥಟ್ಟನೆ ತಿರುಗಿದಳು.

"ಅಂದ ಹಾಗೆ..." ಎಂದಳು ನೋಡಿ, ಆಮೇಲೆ ತಡೆಯುವವರೇ ಇಲ್ಲ. ತಾಯಿಯ ಆಪರೇಷನ್, ರದ್ದಾದ ಅನುದಾನ, ಓದುವ ಆಸೆಯಿದ್ದೂ ಅಂಗಡಿಯಲ್ಲಿ ನಿಂತಿರುವ ಹುಡುಗಿ, ಅವಳಿಗೆ "ನಾನೇನೂ ಮಾಡೋ ಹಾಗಿಲ್ಲ" ಎಂದು ಹೇಳುವಾಗ ಆದ ಸಂಕಟ, ಎಲ್ಲವನ್ನೂ ನಿಂತ ಕಾಲಲ್ಲೇ ಹೇಳಿದಳು. ಕೊನೆಗೆ, "ಆ ಮಸೂದೆಗೆ ನಿಮ್ಮ ಮತ ಬೇಕು," ಎಂದಳು. ಶಾಸಕಿ ಮೇಜಿಗೆ ಒರಗಿಕೊಂಡೇ ಕೇಳಿದರು. ಸಹಾಯಕ ಮತ್ತೆ ಗಡಿಯಾರ ತೋರಿಸಿದಾಗ ಕೈಯೆತ್ತಿ ಸುಮ್ಮನಿರಿಸಿದರು.

"ನನ್ನ ಮತ ಕೊಡುತ್ತೇನೆ. ಆದರೆ ಅದೊಂದೇ ಸಾಲದು. ಈ ಹುಡುಗಿ ಸಮಿತಿಯ ಮುಂದೆ ಬಂದು ಇದನ್ನೇ ಹೇಳಲಿ. ಬರುತ್ತಾಳಾ?"

ನೀರಜಾ ಮೆಟ್ಟಿಲಿಳಿಯುತ್ತಲೇ ಮರಿಸೋಲ್‌ಗೆ ಫೋನು ಮಾಡಿದಳು. ಮಾತಿನ ನಡುವೆ ಎರಡು ಸಲ ಉಸಿರು ತೆಗೆದುಕೊಳ್ಳುವುದನ್ನೇ ಮರೆತಳು. ಆ ಕಡೆ ಮರಿಸೋಲ್ ಎಲ್ಲ ಕೇಳಿಸಿಕೊಂಡು, "ಪರವಾಗಿಲ್ಲ ಮಿಸ್. ನನಗೋಸ್ಕರ ಅವರಿಗೆಲ್ಲ ಯಾಕೆ ತೊಂದರೆ? ಏನೂ ಬೇಡ," ಎಂದಳು.

ನೀರಜಾ ಮೆಟ್ಟಿಲ ಮೇಲೆಯೇ ನಿಂತಳು. "ಬೇಡ ಅನ್ನಬೇಡ ಕಣೇ. ಈಗಷ್ಟೇ ನಾನೂ ಹಾಗೇ 'ಏನಿಲ್ಲ' ಅಂದು ಎಲ್ಲ ಕೈ ಬಿಟ್ಟುಹೋಗೋದರಲ್ಲಿತ್ತು. ನಿಜ ಹೇಳು, ಕಾಲೇಜಿಗೆ ವಾಪಸ್ ಬರೋದು ಬೇಕೋ ಬೇಡವೋ?"

ಅಂಗಡಿಯ ಸಾಮಾನು ಗಾಡಿಗಳು ಉರುಳುವ ಸದ್ದಿನ ನಡುವೆ ಸಣ್ಣ ದನಿ ಕೇಳಿತು.

"ಬೇಕು, ಮಿಸ್."

"ಜೋರಾಗಿ ಹೇಳು!"

"ಬೇಕು!" ಪಕ್ಕದಲ್ಲಿದ್ದ ತುಳಸಿಗೂ ಅದು ಕೇಳಿಸಿತು. ಅವರು ಸೆರಗಿಲ್ಲದ್ದಕ್ಕೆ ಕೋಟಿನ ತೋಳಿನಿಂದಲೇ ಕಣ್ಣೊರೆಸಿಕೊಂಡರು.

"ಯಾವತ್ತು ಬರಬೇಕು?" ಎಂದಳು ಮರಿಸೋಲ್. "ಲೈನಲ್ಲೇ ಇರಿ ಮಿಸ್. ಹೋಗಿ ಮ್ಯಾನೇಜರ್ ಹತ್ತಿರ ರಜೆ ಕೇಳ್ತೀನಿ."